ತುಂಬಿದ ತಂಬಿಗೆ

ಪ್ರಾಥಮಿಕ ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದ ಟೀಚರ್ ಈಗ ಮಂಗಳೂರಿನ ಹೊರವಲಯದ ವೃದ್ಧಾಶ್ರಮವೊಂದರಲ್ಲಿದ್ದಾರೆ. ಮದುವೆಯಾಗದ ಅವರಿಗೆ ತಮ್ಮನ ಮಗನೊಬ್ಬನೇ ದಿಕ್ಕು. ಅವನು ದುಬೈಯಿಂದ ತಪ್ಪದೆ ಹಣ ಕಳುಹಿಸುತ್ತಾನೆ. ತಿಂಗಳಿಗೊಮ್ಮೆ ನಾನು ಹೋಗಿ ನೋಡಿ ಬರುತ್ತೇನೆ. ಒರೆಸಿದ ನೆಲ, ಒಗೆದ ಹೊದಿಕೆ, ಹೊತ್ತಿಗೆ ಸರಿಯಾಗಿ ಗಂಜಿ. "ಚೆನ್ನಾಗಿ ನೋಡಿಕೊಳ್ಳುತ್ತಾರೆ" ಎಂದು ಅವನಿಗೆ ಫೋನಿನಲ್ಲಿ ಹೇಳಿ ನಾನೂ ನಿರಾಳವಾಗುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಹೋದಾಗ ಟೀಚರ್ ನನ್ನನ್ನು ಗುರುತಿಸಲಿಲ್ಲ. ಗೋಡೆಯ ಕಡೆ ತಿರುಗಿ, ಯಾರಿಗೋ ಕಾಪಿ ಬರೆದು ತರಲು ಹೇಳುತ್ತಿದ್ದರು. "ಎಂಬತ್ತು ದಾಟಿತಲ್ಲ, ಅರಳುಮರಳು" ಎಂದರು ಅಲ್ಲಿಯವರು. ಆದರೆ ಹಿಂದಿನ ವಾರವಷ್ಟೇ ಅವರು ಫೋನಿನಲ್ಲಿ ನನ್ನ ಮಗಳ ಪರೀಕ್ಷೆಯ ಬಗ್ಗೆ ವಿಚಾರಿಸಿದ್ದರು. ಒಂದೇ ವಾರದಲ್ಲಿ ಬರುವ ಅರಳುಮರಳು ಎಂಥದು? ಒತ್ತಾಯಿಸಿ ಆಸ್ಪತ್ರೆಗೆ ಕರೆದೊಯ್ದೆ.

ಮೂತ್ರದ ಸೋಂಕು, ಜೊತೆಗೆ ದೇಹದಲ್ಲಿ ನೀರಿನ ಕೊರತೆ. ವಯಸ್ಸಾದಂತೆ ಬಾಯಾರಿಕೆ ಅರಿವಿಗೆ ಬರುವುದೇ ಕಡಿಮೆಯಾಗುತ್ತದೆ, ಇಳಿವಯಸ್ಸಿನಲ್ಲಿ ಸೋಂಕು ಜ್ವರವಿಲ್ಲದೆ ಬರೀ ಗೊಂದಲವಾಗಿಯೂ ಕಾಣಿಸಿಕೊಳ್ಳಬಹುದು ಎಂದು ವೈದ್ಯರು ವಿವರಿಸಿದರು. ಐದಾರು ದಿನಗಳಲ್ಲಿ ಟೀಚರ್ ಮೊದಲಿನಂತಾದರು.

"ತಂಬಿಗೆ ತುಂಬಿಯೇ ಇತ್ತಲ್ಲ ಟೀಚರ್, ನೀರು ಯಾಕೆ ಕುಡಿಯುವುದಿಲ್ಲ?"

"ಕುಡಿದರೆ ರಾತ್ರಿ ಏಳಬೇಕು ಮಗಾ. ಕರೆದರೆ ಆ ಹುಡುಗಿ ಗೊಣಗುತ್ತಾಳೆ. ನಿನ್ನಲ್ಲಿ ಹೇಳಬಹುದಿತ್ತು. ಆದರೆ ನೀನು ಹೋದ ಮೇಲೆ ನಾನು ಇಲ್ಲಿಯೇ ಇರಬೇಕಲ್ಲ?"

ಜಗಳಾಡುವ ಮನಸ್ಸಿನಿಂದಲೇ ಆ ಹುಡುಗಿಯನ್ನು ಮಾತಾಡಿಸಿದೆ. ರಾತ್ರಿ ಇಪ್ಪತ್ತೆರಡು ಮಂದಿಗೆ ಅವಳೊಬ್ಬಳೇ. ಹಾಸಿಗೆ ಹಿಡಿದ ನಾಲ್ವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಅಷ್ಟರಲ್ಲಿ ಮತ್ತಿಬ್ಬರು ಶೌಚಕ್ಕೆ ಕರೆಯುತ್ತಾರೆ. ನಾನು ಆಡಬೇಕೆಂದಿದ್ದ ಮಾತು ಗಂಟಲಲ್ಲೇ ಉಳಿಯಿತು.

"ಇನ್ನೊಬ್ಬಳನ್ನು ನೇಮಿಸಿದರೆ ಶುಲ್ಕ ಏರಿಸಬೇಕು. ಮನೆಯವರು ಒಪ್ಪುತ್ತಾರೆಯೇ?" ಎಂದರು ಮೇಲ್ವಿಚಾರಕರು. ಟೀಚರ ತಮ್ಮನ ಮಗ ಒಪ್ಪಿದ. ಉಳಿದ ಮನೆಯವರನ್ನು ಒಬ್ಬೊಬ್ಬರಾಗಿ ಕೇಳುತ್ತಿದ್ದೇನೆ. ಸದ್ಯಕ್ಕೆ ಟೀಚರ ಮಂಚದ ಬದಿಗೆ ಕಮೋಡ್ ಕುರ್ಚಿಯೊಂದು ಬಂದಿದೆ.

ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆ, ಸರಕಾರವು ಜಿಲ್ಲೆಗೆ ಒಂದರಂತಾದರೂ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಆಶ್ರಯ ನೀಡುವ ವೃದ್ಧಾಶ್ರಮ ತೆರೆಯುವ ಮಾತಾಡುತ್ತದೆ. ಅಲ್ಲಿನ ಸೇವೆಯ ಮಟ್ಟ ಹೇಗಿರಬೇಕೆಂದು ನಿಗದಿಪಡಿಸಲೂ ಅವಕಾಶ ನೀಡುತ್ತದೆ. ಒಳ್ಳೆಯದೇ. ಆದರೆ ನಡುರಾತ್ರಿ ಕರೆದಾಗ ಬರುವವರು ಎಷ್ಟು ಮಂದಿ ಎಂದು ಹೋಗಿ ಕೇಳಬೇಕಾದವರು ನಾವೇ. ಇಷ್ಟು ವರ್ಷ ನಾನು ನೆಲವನ್ನಷ್ಟೇ ನೋಡಿ ಬಂದಿದ್ದೆ.

ಅಂದು ಮನೆಗೆ ಬಂದು ಉಮ್ಮನಿಗೆ ಇದನ್ನೆಲ್ಲ ಹೇಳಿದೆ. ಉಮ್ಮ ಸುಮ್ಮನೆ ಕೇಳಿಸಿಕೊಂಡರು. ಮಲಗುವ ಮುಂಚೆ ಅವರ ಕೋಣೆಗೆ ಇಣುಕಿದರೆ, ಸಂಜೆ ನಾನು ಇಟ್ಟಿದ್ದ ತಂಬಿಗೆ ಹಾಗೆಯೇ ತುಂಬಿತ್ತು.

"ಹಗಲೆಲ್ಲ ದುಡಿದು ಮಲಗಿರುತ್ತೀ. ಎಬ್ಬಿಸುವುದು ಹೇಗೆ?" ಎಂದರು ಉಮ್ಮ.

ಆ ರಾತ್ರಿಯಿಂದ ನಾನು ಅವರ ಕೋಣೆಯಲ್ಲೇ ಮಲಗುತ್ತಿದ್ದೇನೆ.