ಶಾಂಘೈನಲ್ಲೊಂದು ಸರ್ಕಸ್ ಸಂಜೆ

ಪರದೇಶದಲ್ಲಿ ಹಗಲು ಕಳೆಯುವುದು ಸುಲಭ. ದೇವಸ್ಥಾನ, ಮ್ಯೂಸಿಯಂ, ನದಿ ದಂಡೆ ಅಂತ ಕಾಲೆಳೆದುಕೊಂಡು ಹೋದರೆ ಹೊತ್ತು ಹೋಗುತ್ತದೆ. ಕಷ್ಟವಿರುವುದು ಸಂಜೆಯದು. ಐದೂವರೆಗೆಲ್ಲ ಕತ್ತಲಾಗುವ ಊರು, ಬಾರದ ಭಾಷೆ, ಸೊಪ್ಪು ಸಾರಿನ ಹೊಟ್ಟೆ, ಜೊತೆಗೆ ಎಪ್ಪತ್ತರ ಆಸುಪಾಸಿನ ಎರಡು ಜೊತೆ ಮಂಡಿ. 2018ರ ಅಕ್ಟೋಬರಿನಲ್ಲಿ ಮಗನ ಮನೆಗೆಂದು ನಾವು ದಂಪತಿ ಶಾಂಘೈಗೆ ಹೋದಾಗ, ಮೊದಲ ಮೂರು ಸಂಜೆಗಳನ್ನು ಹನ್ನೊಂದನೇ ಮಹಡಿಯ ಕಿಟಕಿಯಲ್ಲಿ ನಿಂತು ದೀಪ ಎಣಿಸುತ್ತಾ ಕಳೆದೆವು.

ಮೊಮ್ಮಗಳಿಗೆ ಆಗ ಎಂಟು ವರ್ಷ. ಎರಡು ವರ್ಷದಿಂದ ಅಲ್ಲಿನ ಶಾಲೆಯಲ್ಲಿ ಓದುತ್ತಿದ್ದುದರಿಂದ ಚೀನೀ ಮಾತು ಪಟಪಟ ಬರುತ್ತಿತ್ತು. ‘ತಾತ, ಸರ್ಕಸ್‌ಗೆ ಕರ್ಕೊಂಡ್ಹೋಗು. ನಮ್ಮ ಕ್ಲಾಸಲ್ಲಿ ಎಲ್ರೂ ನೋಡಿದ್ದಾರೆ, ನಾನೊಬ್ಳೇ ನೋಡಿಲ್ಲ’ ಎಂದು ಶುರುಮಾಡಿದಳು. ಮಗ ಆ ವಾರ ಬೇರೆ ಊರಿಗೆ ಹೋಗಿದ್ದ, ಸೊಸೆಗೆ ಸಂಜೆಯ ಡ್ಯೂಟಿ. ಹೋಗುವುದಾದರೆ ನಾವು ಮೂವರೇ. ನನಗೇನೂ ಅಡ್ಡಿಯಿರಲಿಲ್ಲ. ಅಡ್ಡಿ ಇದ್ದದ್ದು ನನ್ನವಳಿಗೆ.

ಅವಳ ತವರು ತಿಪಟೂರಿನ ಹತ್ತಿರದ ಒಂದು ಹಳ್ಳಿ. ಹತ್ತು ವರ್ಷದವಳಿದ್ದಾಗ ಅಪ್ಪನ ಜೊತೆ ಸಂತೆಗೆ ಹೋಗಿದ್ದಳಂತೆ. ಸಂತೆ ಮಾಳದಲ್ಲಿ ದೊಂಬರಾಟ. ಎರಡು ಕಡೆ ಬಿದಿರು ಕತ್ತರಿಗಾಲು ನೆಟ್ಟು ಹಗ್ಗ ಬಿಗಿದು, ತನ್ನದೇ ವಯಸ್ಸಿನ ಹುಡುಗಿಯೊಬ್ಬಳು ಕೈಯಲ್ಲಿ ಗಳ ಹಿಡಿದು ನಡೆಯುತ್ತಿದ್ದಳಂತೆ. ಅರ್ಧ ದಾರಿಯಲ್ಲಿ ಬಿದ್ದಳು. ‘ತಮಟೆ ನಿಂತುಹೋಯ್ತು ನೋಡಿ, ಅದು ನಂಗೆ ಈಗ್ಲೂ ಕೇಳ್ಸುತ್ತೆ’ ಅನ್ನುತ್ತಾಳೆ. ಆ ಹುಡುಗಿ ಮತ್ತೆ ಎದ್ದಳೋ ಇಲ್ಲವೋ ಗೊತ್ತಾಗುವ ಮೊದಲೇ ಮಾವನವರು ಇವಳ ಕಣ್ಣು ಮುಚ್ಚಿ ಎತ್ತಿಕೊಂಡು ಗಾಡಿ ಹತ್ತಿಸಿದರು. ಅಂದಿನಿಂದ ಇವಳು ಸರ್ಕಸ್ ಡೇರೆಯೊಳಗೆ ಕಾಲಿಟ್ಟವಳಲ್ಲ. ನಮ್ಮ ಮಕ್ಕಳನ್ನು ಸರ್ಕಸ್‌ಗೆ ಕರೆದೊಯ್ದವನು ಯಾವಾಗಲೂ ನಾನೇ.

‘ನೀವಿಬ್ರು ಹೋಗ್ಬನ್ನಿ, ನಾನೊಲ್ಲೆ’ ಎಂದಳು. ಆದರೆ ಮೊಮ್ಮಗಳ ಮುಂದೆ ಅಜ್ಜಿಯರ ಹಟ ಎಷ್ಟು ಹೊತ್ತು ನಿಂತೀತು? ಮಾರನೆಯ ದಿನ ಬೆಳಿಗ್ಗೆ ಕಾಫಿ ಕೊಡುತ್ತಾ, ‘ಬರ್ತೀನಿ. ಆದ್ರೆ ಎದ್ದು ಆಚೆ ಹೋಗಕ್ಕೆ ದಾರಿ ಇರೋ ಕಡೆ ಸೀಟು ತಗೊಳ್ಳಿ’ ಎಂದಳು. ನಮ್ಮ ಸಂಜೆಯ ಯೋಜನೆ ಹುಟ್ಟಿದ್ದು ಈ ಒಂದು ಷರತ್ತಿನಿಂದ.

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಲೆಡ್ಜರು ಬರೆದವನು ನಾನು. ಹಾಳೆ ತೆಗೆದು ಗೆರೆ ಎಳೆದೆ. ಶಾಂಘೈನಲ್ಲಿ ಇಂಥ ಪ್ರದರ್ಶನ ಒಂದಕ್ಕಿಂತ ಹೆಚ್ಚು ಕಡೆ ನಡೆಯುತ್ತದೆ. ನಾವು ಆರಿಸಿಕೊಂಡದ್ದು ‘ಶಾಂಘೈ ಸರ್ಕಸ್ ವರ್ಲ್ಡ್’. 1999ರಲ್ಲಿ ಕಟ್ಟಿದ್ದು, ಬಂಗಾರದ ಬಣ್ಣದ ದೊಡ್ಡ ಗುಮ್ಮಟ, ಒಳಗೆ ಸುಮಾರು 1,600 ಆಸನ. ಅಲ್ಲಿ 2005ರಿಂದ ನಡೆಯುತ್ತಿದ್ದ ಪ್ರದರ್ಶನದ ಹೆಸರು ‘ಎರಾ’. ಅದರ ಚೀನೀ ಹೆಸರಿಗೆ ‘ಕಾಲ-ದೇಶಗಳ ಯಾತ್ರೆ’ ಎಂದು ಅರ್ಥವಂತೆ, ಮೊಮ್ಮಗಳು ಹೇಳಿದ್ದು. ಆರಿಸಲು ಮುಖ್ಯ ಕಾರಣ ಮೆಟ್ರೊ. ಒಂದನೇ ಲೈನಿನಲ್ಲಿ ‘ಸರ್ಕಸ್ ವರ್ಲ್ಡ್’ ಎಂದೇ ಒಂದು ನಿಲ್ದಾಣವಿದೆ. ಇಳಿದು ಹೊರಬಂದರೆ ಗುಮ್ಮಟ ಕಾಣುತ್ತದೆ. ದಾರಿ ಕೇಳುವ ಕೆಲಸವೇ ಇಲ್ಲ.

ಪ್ರದರ್ಶನ ಸಂಜೆ ಏಳೂವರೆಗೆ, ಒಂದೂವರೆ ಗಂಟೆಯ ಮೇಲೆ ಸ್ವಲ್ಪ. ‘ಅಷ್ಟು ಹೊತ್ತಿಗೆ ನಮಗೆ ತೂಕಡಿಕೆ ಬರಲ್ವಾ?’ ಎಂದು ಇವಳು ಕೇಳಿದಳು. ಚೀನಾ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿನ ಏಳೂವರೆ ಎಂದರೆ ನಮ್ಮೂರಿನ ಸಂಜೆ ಐದು. ಬಂದು ನಾಲ್ಕೇ ದಿನವಾದ್ದರಿಂದ ಮೈ ಇನ್ನೂ ಊರಿನ ಗಡಿಯಾರದಲ್ಲೇ ಇತ್ತು. ಪೂರ್ವಕ್ಕೆ ಪ್ರಯಾಣ ಮಾಡಿದವರಿಗೆ ಬೆಳಿಗ್ಗೆ ಏಳುವುದು ಕಷ್ಟವೇ ಹೊರತು ರಾತ್ರಿಯ ಆಟ ನೋಡುವುದಲ್ಲ. ಹಾಗಾಗಿ ಇಂಥದ್ದನ್ನು ಮೊದಲ ವಾರದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಇನ್ನೊಂದು ಮಾತು, ಅಕ್ಟೋಬರ್ ಒಂದು ಚೀನಾದ ರಾಷ್ಟ್ರೀಯ ದಿನ. ಅದರಿಂದ ಒಂದು ವಾರ ದೇಶಕ್ಕೆ ದೇಶವೇ ರಜೆಯಲ್ಲಿ ಓಡಾಡುತ್ತದೆ. ನಾವು ಆ ಜಾತ್ರೆ ಮುಗಿದ ಮೇಲೆ ಹೋದೆವು, ಅದೂ ಶನಿವಾರ ಬಿಟ್ಟು ಬುಧವಾರ.

ಟಿಕೆಟಿಗೆ ನಾನು ಮತ್ತು ಮೊಮ್ಮಗಳು ಎರಡು ದಿನ ಮೊದಲೇ ಹೋಗಿ ಕಿಟಕಿಯಲ್ಲೇ ಕೊಂಡೆವು. ಗೇಟಿನ ಹತ್ತಿರ ‘ಚೀಪ್ ಚೀಪ್’ ಎಂದು ಇಬ್ಬರು ಹಿಂಬಾಲಿಸಿದರು. ನಮ್ಮ ಮೆಜೆಸ್ಟಿಕ್ಕಿನ ಬ್ಲ್ಯಾಕ್ ಟಿಕೆಟ್ ಕಾಲ ನೆನಪಾಯಿತು, ತಲೆ ಎತ್ತಿ ನೋಡಲೂ ಇಲ್ಲ. ನಾವು ಕೊಂಡದ್ದು ತಲೆಗೆ 280 ಯುವಾನಿನದು, ಆಗಿನ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಪಿಂಚಣಿದಾರನಿಗೆ ಸಣ್ಣ ಮೊತ್ತವಲ್ಲ. ಕಿಟಕಿಯ ಹುಡುಗಿ ನಡುವಿನ ಸೀಟು ತೋರಿಸಿ ‘ಇದೇ ಚೆನ್ನ’ ಎಂದಳಂತೆ. ಮೊಮ್ಮಗಳು ಅವಳಿಗೆ ಏನೋ ಉದ್ದಕ್ಕೆ ಹೇಳಿದಳು. ಆ ಹುಡುಗಿ ನನ್ನ ಮುಖ ನೋಡಿ, ತಲೆಯಾಡಿಸಿ, ಓಣಿ ಪಕ್ಕದ ಮೂರು ಸೀಟು ಕೊಟ್ಟಳು. ‘ಏನಮ್ಮ ಹೇಳಿದೆ?’ ಎಂದೆ. ‘ಅಜ್ಜಿಗೆ ಬೀಳೋದು ಕಂಡ್ರೆ ಭಯ ಅಂದೆ.’

ಇನ್ನು ಊಟ. ನಾನ್‌ಜಿಂಗ್ ಪಶ್ಚಿಮ ರಸ್ತೆಯಲ್ಲಿ ಗೊಂಗ್ ದೆ ಲಿನ್ ಎಂಬ ಹಳೆಯ ಸಸ್ಯಾಹಾರಿ ಹೋಟೆಲಿದೆ. 1922ರಲ್ಲಿ ಶುರುವಾದದ್ದು, ಬೌದ್ಧರ ಪದ್ಧತಿಯ ಅಡುಗೆ. ಸಸ್ಯಾಹಾರಿಗಳಿಗೆ ನೆಮ್ಮದಿ ಎಂದು ಕೂತರೆ, ಅವರು ತಂದಿಟ್ಟದ್ದು ಬಾತುಕೋಳಿ! ಸೋಯಾ ಹಾಲಿನ ಕೆನೆಯನ್ನು ಪದರ ಪದರವಾಗಿ ಮಡಿಸಿ, ಹುರಿದು, ಬಾತುಕೋಳಿಯ ತುಂಡಿನಂತೆಯೇ ಮಾಡಿರುತ್ತಾರೆ. ಇವಳು ತಟ್ಟೆ ದೂರ ತಳ್ಳಿ, ‘ಸೊಪ್ಪು ತಿನ್ನೋರಿಗೆ ಈ ವೇಷ ಯಾಕ್ರೀ ಬೇಕು?’ ಎಂದಳು. ನಾನು ತಿಂದೆ, ರುಚಿಯಾಗಿತ್ತು. ಅವಳು ಅನ್ನ, ಅಣಬೆ, ಬೇಯಿಸಿದ ಸೊಪ್ಪಿನಲ್ಲಿ ಮುಗಿಸಿದಳು. ಚೀನೀಯರು ರಾತ್ರಿಯೂಟವನ್ನು ಬೇಗ ಮಾಡುತ್ತಾರೆ, ಐದೂವರೆಗೆಲ್ಲ ಕೂತರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಅಲ್ಲಿಂದ ಪೀಪಲ್ಸ್ ಸ್ಕ್ವೇರ್ ನಿಲ್ದಾಣಕ್ಕೆ ನಡೆದುಹೋಗುವಷ್ಟು ದೂರ. ಚೀಲವನ್ನು ಯಂತ್ರದೊಳಗೆ ಹಾಯಿಸಿ ರೈಲು ಹತ್ತಿದರೆ ಆರನೇ ನಿಲ್ದಾಣವೇ ಸರ್ಕಸ್ ವರ್ಲ್ಡ್. ಅಂದಹಾಗೆ ಆ ಮೆಟ್ರೊದಲ್ಲಿ ಆಗ ಮಕ್ಕಳಿಗೆ ವಯಸ್ಸು ಕೇಳುತ್ತಿರಲಿಲ್ಲ, ಎತ್ತರ ನೋಡುತ್ತಿದ್ದರು. 1.3 ಮೀಟರಿಗಿಂತ ಗಿಡ್ಡವಿದ್ದು ದೊಡ್ಡವರ ಜೊತೆ ಬಂದರೆ ಉಚಿತವಾಗಿತ್ತು. ನಮ್ಮ ಹುಡುಗಿಗೆ ಅದನ್ನು ದಾಟಲು ಮೂರು ಬೆರಳು ಬಾಕಿ ಇತ್ತು. ಅವಳಿಗೆ ಅದೇ ಬೇಸರ, ನನಗೆ ಅದೇ ಲಾಭ.

ಹೊರಡುವ ಮೊದಲು ಮೂರು ಚೀಟಿ ಮಾಡಿದ್ದೆವು. ಮನೆಯ ವಿಳಾಸ, ಸೊಸೆಯ ಫೋನ್ ನಂಬರು, ‘ನನಗೆ ಚೀನೀ ಭಾಷೆ ಬಾರದು’ ಎಂಬ ಸಾಲು, ಎಲ್ಲವೂ ಚೀನೀ ಲಿಪಿಯಲ್ಲಿ. ಬರೆದವಳು ಮೊಮ್ಮಗಳು, ತಿದ್ದಿದವಳು ಸೊಸೆ. ಒಂದು ನನ್ನ ಜೇಬಿಗೆ, ಒಂದು ಮಗುವಿನ ಚೀಲಕ್ಕೆ, ಒಂದು ಇವಳ ಬಳೆಯ ಪರ್ಸಿಗೆ. ಇವಳು ಎದ್ದು ಹೊರಬಂದರೆ ಎಲ್ಲಿ ಕೂರಬೇಕು ಎಂಬುದನ್ನೂ ಟಿಕೆಟ್ ಕೊಂಡ ದಿನವೇ ನೋಡಿಟ್ಟಿದ್ದೆ. ಒಳಬಾಗಿಲ ಹತ್ತಿರದ ಬೆಂಚು.

ಆಟದ ಬಗ್ಗೆ ಸ್ವಲ್ಪ ಹೇಳಬೇಕು. ಚೀನಾದಲ್ಲಿ ಈ ಕಲೆಗೆ ಎರಡು ಸಾವಿರ ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಕ್ರಿ.ಪೂ. 108ರಲ್ಲಿ ಹಾನ್ ವಂಶದ ವೂ ಚಕ್ರವರ್ತಿ ದೊಡ್ಡ ಪ್ರದರ್ಶನ ಏರ್ಪಡಿಸಿ ಜನರಿಗೆ ತೋರಿಸಿದ ದಾಖಲೆ ಇದೆ. ಹೆಬೈ ಪ್ರಾಂತ್ಯದ ವೂಚಿಯಾವ್ ಎಂಬ ಕಡೆ ಮನೆಮನೆಯಲ್ಲೂ ಒಂದೊಂದು ವರಸೆ ಬಲ್ಲವರಿದ್ದಾರೆಂದು ಪ್ರತೀತಿ. ಸುಗ್ಗಿ ಮುಗಿದ ಮೇಲೆ ಬಿಡುವಾದ ರೈತರು ಕೈಗೆ ಸಿಕ್ಕ ತಟ್ಟೆ, ಬೋಗುಣಿ, ಹೂಜಿ, ಕುರ್ಚಿಗಳಲ್ಲೇ ಕಸರತ್ತು ಕಲಿತರು. ಇಂದಿಗೂ ಅವೇ ಸಾಮಾನುಗಳು ರಂಗದ ಮೇಲೆ ಬರುತ್ತವೆ. ನಮ್ಮಲ್ಲೇನು ಕಡಿಮೆ? ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲಕಂಬದ ಪ್ರಸ್ತಾಪವಿದೆ. ಕೇರಳದ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ 1901ರಲ್ಲೇ ಸರ್ಕಸ್ ಶಾಲೆ ತೆರೆದಿದ್ದರು. ಅವರಿಗೆ ಗುಮ್ಮಟ ಕಟ್ಟಿಕೊಟ್ಟರು, ನಮ್ಮವರು ಸಂತೆ ಮಾಳದಲ್ಲೇ ಉಳಿದರು.

ದೀಪ ಆರಿತು. ರಂಗದ ಒಂದು ಬದಿಯಲ್ಲಿ ವಾದ್ಯದವರು ಅಲ್ಲೇ ನುಡಿಸುತ್ತಿದ್ದರು. ಒಬ್ಬಾತ ದೊಡ್ಡ ಪಿಂಗಾಣಿ ಹೂಜಿಯನ್ನು ಮೇಲಕ್ಕೆಸೆದು ತಲೆಯ ಮೇಲೆ ಹಿಡಿದ. ಮಕ್ಕಳೇ, ಆತನ ಮಂಡಿಯನ್ನು ಗಮನಿಸಬೇಕು. ಹೂಜಿ ತಲೆ ಮುಟ್ಟುವ ಗಳಿಗೆಯಲ್ಲಿ ಆತ ಅದರ ಜೊತೆಗೇ ಕೆಳಗಿಳಿಯುತ್ತಾನೆ, ನೀವು ಕ್ರಿಕೆಟ್ ಚೆಂಡು ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳುವಂತೆ. ಇಲ್ಲದಿದ್ದರೆ ಕುತ್ತಿಗೆ ಉಳಿಯದು. ಇವಳು ಅದನ್ನು ನೋಡಿ ಚಪ್ಪಾಳೆಯನ್ನೂ ತಟ್ಟಿದಳು. ಆಮೇಲೆ ರೇಷ್ಮೆ ಪಟ್ಟಿ ಹಿಡಿದು ಗಂಡು ಹೆಣ್ಣಿಬ್ಬರು ಗಾಳಿಯಲ್ಲಿ ತೇಲಿದರು. ಇವಳ ಕೈ ನನ್ನ ತೋಳನ್ನು ಹಿಡಿಯಿತು. ‘ಹಗ್ಗ ಕಟ್ಕೊಂಡಿದಾರೇನ್ರೀ?’ ನನಗೆ ಕಾಣಲಿಲ್ಲ. ಕಾಣಲಿಲ್ಲ ಎಂದೇ ಹೇಳಿದೆ.

ನಡುವೆ ಬಳೆಯಾಕಾರದ ಚೌಕಟ್ಟುಗಳನ್ನು ಒಂದರ ಮೇಲೊಂದು ಜೋಡಿಸಿ ಹುಡುಗರು ಲಾಗ ಹಾಕಿ ತೂರುವ ಆಟ. ಎಲ್ಲಕ್ಕಿಂತ ಮೇಲಿನದಕ್ಕೆ ಹಾರಿದ ಹುಡುಗನ ಕಾಲು ತಗುಲಿ ಬಳೆ ಉರುಳಿತು, ಆತನೂ ಬಿದ್ದ. ಸಭೆ ‘ಅಯ್ಯೋ’ ಎಂದಿತು. ಆದರೆ ವಾದ್ಯ ನಿಲ್ಲಲಿಲ್ಲ. ಹುಡುಗ ಎದ್ದು, ಬಳೆಯನ್ನು ತಾನೇ ನೆಟ್ಟಗಿಟ್ಟು, ಹಿಂದಕ್ಕೆ ನಡೆದು, ಓಡಿಬಂದು ತೂರಿಹೋದ. ನಾನು ಇವಳ ಕಡೆ ತಿರುಗಿದೆ. ಕಣ್ಣು ಮುಚ್ಚಿರಲಿಲ್ಲ. ‘ಎದ್ದ’ ಎಂದಳು, ಅಷ್ಟೇ.

ಒಂದು ಸಂಕಟ ನನಗೂ ಇತ್ತು. ಇವರೆಲ್ಲ ಆರೇಳು ವರ್ಷಕ್ಕೇ ತರಬೇತಿ ಶಾಲೆ ಸೇರುತ್ತಾರೆ. ನಮ್ಮ ಸುಪ್ರೀಂ ಕೋರ್ಟ್ 2011ರಲ್ಲಿ ಮಕ್ಕಳನ್ನು ಸರ್ಕಸ್ಸಿನಲ್ಲಿ ದುಡಿಸುವುದನ್ನು ನಿಲ್ಲಿಸಲು ಹೇಳಿತು. ಅದು ಸರಿ ಎಂದೇ ನನ್ನ ಅಭಿಪ್ರಾಯ. ಪಕ್ಕದಲ್ಲಿ ಎಂಟು ವರ್ಷದ ಮಗು ಬಾಯಿ ತೆರೆದು ಕೂತಿರುವಾಗ ಆ ಯೋಚನೆ ಪೂರ್ತಿ ದೂರ ಹೋಗುವುದಿಲ್ಲ.

ಕೊನೆಯ ಕಡೆಗೆ ದೊಡ್ಡ ತಿರುಗು ಚಕ್ರ ಬಂತು. ಎರಡು ತುದಿಯ ಗೂಡುಗಳ ಹೊರಮೈ ಮೇಲೆ ಆಳುಗಳು ಓಡುತ್ತಾರೆ, ಮೇಲೆ ಹೋದಾಗ ಒಂದು ಕ್ಷಣ ಕಾಲು ಗಾಳಿಯಲ್ಲಿರುತ್ತದೆ. ಇವಳು ಎದ್ದಳು. ನಾನೂ ಏಳಲು ಹೋದೆ. ‘ಕೂತ್ಕೊಳ್ಳಿ. ಮಗು ಒಂದೇ ಆಗುತ್ತೆ. ನಂಗೆ ಬೆಂಚು ಗೊತ್ತು’ ಎಂದು ಪರ್ಸನ್ನು ತಟ್ಟಿ ತೋರಿಸಿ, ಕತ್ತಲಲ್ಲಿ ಓಣಿ ಹಿಡಿದು ಒಬ್ಬಳೇ ಹೊರಟಳು. ಬಾಗಿಲಿನ ಹುಡುಗಿ ಟಾರ್ಚು ಹಿಡಿದು ಇವಳ ಮೊಣಕೈ ಹಿಡಿದುಕೊಂಡದ್ದು ಕಂಡಿತು.

ಆಮೇಲೆ ಬಂದದ್ದು ಕಬ್ಬಿಣದ ಜಾಲರಿಯ ಗೋಳ. ಅದರೊಳಗೆ ಮೋಟಾರ್ ಸೈಕಲ್ಲುಗಳು ಒಂದೊಂದಾಗಿ ನುಗ್ಗಿ, ತಲೆಕೆಳಗಾಗಿ ಸುತ್ತತೊಡಗಿದವು. ತುಂಬಿದ ಚೊಂಬನ್ನು ಬೇಗ ಬೇಗ ಬೀಸಿ ತಿರುಗಿಸಿದರೆ ನೀರು ಚೆಲ್ಲುವುದಿಲ್ಲವಲ್ಲ, ಅದೇ ಲೆಕ್ಕ. ವೇಗ ಇರುವ ತನಕ ಚಕ್ರ ಗೋಡೆಯನ್ನು ಒತ್ತಿಕೊಂಡೇ ಇರುತ್ತದೆ. ಆದರೆ ಒಬ್ಬ ಜಾರಿದರೆ ಉಳಿದವರಿಗೂ ಕಷ್ಟ. ಮೊಮ್ಮಗಳು ಬೆರಳು ಮಡಿಸಿ ಎಣಿಸುತ್ತಿದ್ದಳು. ಎಂಟು. ಆಟ ಮುಗಿದು ಗೋಳದ ಬಾಗಿಲು ತೆರೆದಾಗ ಮತ್ತೆ ಎಣಿಸಿದಳು.

ಹೊರಗೆ ಬಂದಾಗ ಇವಳು ಬೆಂಚಿನ ಮೇಲೆ, ಕಸ ಗುಡಿಸುವ ವಯಸ್ಸಾದ ಹೆಂಗಸೊಬ್ಬಳ ಪಕ್ಕ ಕೂತಿದ್ದಳು. ಇಬ್ಬರ ನಡುವೆ ಸಿಪ್ಪೆ ಸುಲಿದ ಕಿತ್ತಳೆ. ಯಾವ ಭಾಷೆಯಲ್ಲಿ ಮಾತಾಡಿಕೊಂಡರೋ, ಆಕೆಗೂ ಇಬ್ಬರು ಮೊಮ್ಮಕ್ಕಳೆಂದು ಇವಳಿಗೆ ಗೊತ್ತಾಗಿತ್ತು. ಮೊಮ್ಮಗಳು ಓಡಿಹೋಗಿ, ‘ಅಜ್ಜೀ, ಎಂಟು ಬೈಕು ಒಳಗೆ ಹೋದ್ವು. ಎಂಟೂ ಆಚೆ ಬಂದ್ವು. ನಾನೇ ಎಣಿಸ್ದೆ’ ಎಂದಳು.

‘ಚಕ್ರದವ್ರು?’

‘ಅವ್ರೂ ಇಳಿದ್ರು. ಎಲ್ರೂ ಸಾಲಾಗಿ ನಿಂತು ನಮಸ್ಕಾರ ಮಾಡಿದ್ರು.’

ಇವಳು ಉಳಿದ ಕಿತ್ತಳೆ ತೊಳೆಯನ್ನು ಮಗುವಿನ ಬಾಯಿಗಿಟ್ಟು ಎದ್ದಳು. ಗಂಟೆ ಒಂಬತ್ತೂಕಾಲು. ನಿಲ್ದಾಣ ಎದುರಿಗೇ ಇತ್ತು, ಹತ್ತು ದಾಟಿದ ಮೇಲೂ ರೈಲಿದೆ ಎಂದು ಮೊದಲೇ ನೋಡಿಕೊಂಡಿದ್ದೆ. ಅವಸರ ಮಾಡದೆ ಒಂದೊಂದೇ ಮೆಟ್ಟಿಲು ಇಳಿದೆವು.