ಕಗ್ಗ ಅಂದ್ರೆ ಏನು ಅಪ್ಪಾ?

ಮೊನ್ನೆ ಕನ್ನಡ ಸಂಘದ ಕಾರ್ಯಕ್ರಮಕ್ಕೆಂದು ಮಗಳು ‘ಮಂಕುತಿಮ್ಮನ ಕಗ್ಗ’ದ ಎರಡು ಪದ್ಯ ಬಾಯಿಪಾಠ ಮಾಡುತ್ತಿದ್ದಳು. ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಿಲಿಯಲ್ಲೇ. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಪದ್ಯವನ್ನು ದೇವನಾಗರಿಯಲ್ಲಿ ಬರೆದುಕೊಂಡಿದ್ದಳು. ನಡುವೆ ತಲೆಯೆತ್ತಿ, "ಕಗ್ಗ ಅಂದ್ರೆ ಏನು ಅಪ್ಪಾ?" ಎಂದಳು. "ಸೂಕ್ತಿ, ಬಾಳಿಗೆ ಬೇಕಾದ ಮಾತು" ಎಂದುಬಿಟ್ಟೆ.

ಆಮೇಲೆ ಯೋಚಿಸಿದರೆ ನಾನು ಹೇಳಿದ್ದು ಅರ್ಧ ಸುಳ್ಳು. ಡಿ.ವಿ. ಗುಂಡಪ್ಪನವರ ಪುಸ್ತಕ 1943ರಲ್ಲಿ ಬಂದ ಮೇಲೆ ಆ ಪದಕ್ಕೆ ಈ ಮರ್ಯಾದೆ ಬಂತು. ಅದಕ್ಕೂ ಮೊದಲು ಕಗ್ಗ ಎಂದರೆ ಗೋಜಲು ಮಾತು, ತಲೆಬುಡ ತಿಳಿಯದ ನೀರಸ ಬರಹ. ಹೇಳುವವನು ಮಂಕು ತಿಮ್ಮ, ಹೇಳಿದ್ದು ಕಗ್ಗ! ಅಷ್ಟು ದೊಡ್ಡವರು ತಮ್ಮ ಪದ್ಯಗಳಿಗೆ ಇಟ್ಟ ಹೆಸರು ನೋಡಿ.

ನಮ್ಮ ಕುಮಟಾ ಕಡೆ ಕಗ್ಗಕ್ಕೆ ಇನ್ನೊಂದು ಅರ್ಥವಿದೆ. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಭತ್ತ ಅದು. ಉಪ್ಪು ನೀರು ತಡೆಯುತ್ತದೆ, ಎತ್ತರ ಬೆಳೆಯುತ್ತದೆ, ಗೊಬ್ಬರ ಕೇಳುವುದಿಲ್ಲ. ಮಳೆ ಬಿದ್ದು ಉಪ್ಪು ತೊಳೆದ ಮೇಲೆ ಬಿತ್ತನೆ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಎರಡು ಪದಗಳಿಗೂ ಒಂದೇ ಬೇರು ಎಂದು ನಾನು ಹೇಳುತ್ತಿಲ್ಲ. ನನ್ನ ಮಟ್ಟಿಗೆ ಮಾತ್ರ ಅವೆರಡೂ ಒಂದು ಕಾಗದದಲ್ಲಿ ಕೂಡಿಕೊಂಡಿವೆ.

1996ರ ಮಾರ್ಚ್. ಬ್ಯಾಂಕಿನಲ್ಲಿ ವರ್ಷಾಂತ್ಯದ ಲೆಕ್ಕ, ಮನೆ ಸೇರುವಾಗ ರಾತ್ರಿ ಹನ್ನೊಂದು. ಊರಿಂದ ಅಪ್ಪನ ಇನ್‌ಲ್ಯಾಂಡ್ ಲೆಟರ್ ಬಂದಿತ್ತು. ಅಂಚಿನವರೆಗೂ ಒತ್ತೊತ್ತಾಗಿ ಅಕ್ಷರ. ದನ ಈದದ್ದು, ಯಾರದೋ ಮದುವೆ, ಕಾಳುಮೆಣಸಿನ ದರ... "ಶುರುವಾಯ್ತು ಅಪ್ಪನ ಕಗ್ಗ" ಎಂದು ಹೆಂಡತಿಗೆ ಹೇಳಿ, ಅರ್ಧ ಓದಿ ಫೈಲಿಗೆ ಸೇರಿಸಿದೆ.

ಕಳೆದ ವರ್ಷ ಹಳೆಯ ಠೇವಣಿ ರಸೀದಿ ಹುಡುಕುವಾಗ ಅದು ಮತ್ತೆ ಕೈಗೆ ಸಿಕ್ಕಿತು. ಮಡಿಕೆಯ ಮೂಲೆಯಲ್ಲಿ ನಾನು ಓದದ ನಾಲ್ಕು ಸಾಲು: ಗಜನಿ ಕಟ್ಟೆ ಒಡೆದಿದೆ ತಮಾ, ಆಳು ಸಿಗುವುದಿಲ್ಲ, ಮಳೆಗಾಲದೊಳಗೆ ನಾಲ್ಕು ದಿನ ರಜೆ ಹಾಕಿ ಬಂದರೆ ಕಗ್ಗ ಬಿತ್ತಬಹುದು.

ನಾನು ಹೋಗಲಿಲ್ಲ. ಅಪ್ಪ ಇನ್ನೊಮ್ಮೆ ಕೇಳಲಿಲ್ಲ. ಮರುವರ್ಷ ಗದ್ದೆಯನ್ನು ಸಿಗಡಿ ಸಾಕುವವರಿಗೆ ಗೇಣಿಗೆ ಕೊಟ್ಟರು. ‘ಯಾಕೆ?’ ಎಂದು ಕೇಳಿದ್ದಕ್ಕೆ, "ನಂಗೆ ಆಗ್ತಿಲ್ಲ" ಎಂದಷ್ಟೇ ಹೇಳಿದ್ದರು. ಈಗ ಅಪ್ಪನೂ ಇಲ್ಲ.

ಮೊನ್ನೆ ರಾತ್ರಿ ಮಗಳನ್ನು ಕೂರಿಸಿಕೊಂಡು ಮೂರೂ ಅರ್ಥ ಹೇಳಿದೆ. ಕಾಗದದ ವಿಷಯವನ್ನೂ ಮುಚ್ಚಿಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜನ ಕಾಗದ ಪೂರ್ತಿ ಓದು, ನಾನು ಬರ್ಕೊಳ್ತೇನೆ" ಎಂದಳು.

ಓದಿದೆ, ಕಾಳುಮೆಣಸಿನ ದರ ಕೂಡ ಬಿಡದೆ.