ಯಪೆರವ್ವಿ

'ಯಪೆರವ್ವಿ'. ಫಾಂಟ್ ಕೈಕೊಟ್ಟಿದೆ ಅಂದ್ಕೊಂಡ್ರಾ? ಇಲ್ಲ, ಸರಿಯಾಗೇ ಇದೆ. 'ಮನೆಯಲ್ಲಿ' ಅನ್ನೋ ಪದದ ಒಂದೊಂದು ವ್ಯಂಜನವನ್ನೂ ವರ್ಣಮಾಲೆಯಲ್ಲಿ ಒಂದೊಂದು ಹೆಜ್ಜೆ ಮುಂದಕ್ಕೆ ತಳ್ಳಿದ್ದೀನಿ, ಅಷ್ಟೆ. ಮ ಇದ್ದಲ್ಲಿ ಯ, ನ ಇದ್ದಲ್ಲಿ ಪ, ಯ ಇದ್ದಲ್ಲಿ ರ, ಲ ಇದ್ದಲ್ಲಿ ವ. ಕೊನೆಯ ಳ ಬಂದರೆ ತಿರುಗಿ ಕ. ಸ್ವರಗಳ ತಂಟೆಗೆ ಹೋಗಿಲ್ಲ.

ಚಿಕ್ಕವರಿದ್ದಾಗ ನಾವೆಲ್ಲ ಕ-ಭಾಷೆ ಆಡಿದವರೇ. ಪ್ರತಿ ಅಕ್ಷರದ ಹಿಂದೆ ಒಂದು 'ಕ' ಸಿಕ್ಕಿಸಿ 'ಕಮಕನೆ' ಅಂದುಬಿಟ್ಟರೆ ದೊಡ್ಡವರಿಗೆ ಗೊತ್ತಾಗಲ್ಲ ಅನ್ನೋ ನಂಬಿಕೆ! ಈ ತಳ್ಳುವ ಆಟ ಅದಕ್ಕಿಂತ ಸ್ವಲ್ಪ ವಾಸಿ. ರೋಮಿನ ಜೂಲಿಯಸ್ ಸೀಸರ್ ಇದನ್ನೇ ಬಳಸುತ್ತಿದ್ದ, ತನ್ನ ಅಕ್ಷರಗಳನ್ನು ಮೂರು ಹೆಜ್ಜೆ ತಳ್ಳುತ್ತಿದ್ದ. ಹೆಸರೂ ಅವನದೇ ಉಳಿದಿದೆ, ಸೀಸರ್ ಸೈಫರ್ ಅಂತ.

ಒಡೆಯೋದು ಸುಲಭ. ನಮ್ಮ ವ್ಯಂಜನಗಳು 34. ಹಾಗಾಗಿ ತಳ್ಳೋಕೆ ಇರೋದು 33 ದಾರಿ ಮಾತ್ರ. ಒಂದೊಂದಾಗಿ ನೋಡಿದರೆ ಒಂದು ಮಧ್ಯಾಹ್ನದ ಕೆಲಸ.

ಸರಿ, ಸಾಲಾಗಿ ತಳ್ಳೋದು ಬೇಡ, ಯದ್ವಾತದ್ವಾ ಕಲಸಿಬಿಡೋಣ ಅಂತೀರಾ? ಕ ಬದಲು ಮ, ಮ ಬದಲು ಟ, ಹೀಗೆ ಮನಸ್ಸಿಗೆ ಬಂದಂತೆ. ಆಗ ಎಷ್ಟು ದಾರಿ ಅಂತ ಲೆಕ್ಕ ಹಾಕಿದರೆ 38 ಸೊನ್ನೆಗಳಷ್ಟು ದೊಡ್ಡ ಸಂಖ್ಯೆ ಬರುತ್ತೆ. ಒಂದೊಂದಾಗಿ ನೋಡೋಕೆ ಜನ್ಮ ಸಾಲದು. ಆದರೂ ಅದು ಮುರಿಯುತ್ತೆ. ಹೇಗೆ ಅನ್ನೋದನ್ನು ಒಂಬತ್ತನೇ ಶತಮಾನದಲ್ಲೇ ಬಾಗ್ದಾದಿನ ವಿದ್ವಾಂಸ ಅಲ್-ಕಿಂದಿ ಬರೆದಿಟ್ಟಿದ್ದಾನೆ: ಎಣಿಸಿ. ಯಾವ ಭಾಷೆಯಲ್ಲೂ ಎಲ್ಲ ಅಕ್ಷರಗಳೂ ಒಂದೇ ಪ್ರಮಾಣದಲ್ಲಿ ಬರಲ್ಲ. ಗುಟ್ಟಿನ ಪತ್ರದಲ್ಲಿ ಯಾವ ಗುರುತು ಹೆಚ್ಚು ಸಲ ಬಂದಿದೆಯೋ ಅದು ಆ ಭಾಷೆಯ ಹೆಚ್ಚು ಬಳಕೆಯ ಅಕ್ಷರವೇ ಆಗಿರೋ ಸಾಧ್ಯತೆ ಜಾಸ್ತಿ. ಇಂಗ್ಲಿಷ್ ಆದರೆ ಮೊದಲ ಅನುಮಾನ 'ಇ' ಅಕ್ಷರದ ಮೇಲೆ.

ಕನ್ನಡದಲ್ಲಿ ಎಣಿಸೋ ಕಷ್ಟವೂ ಅರ್ಧ ಕಮ್ಮಿ. ಮನೆಯಲ್ಲಿ, ಊರಲ್ಲಿ, ಮರದಲ್ಲಿ – ಇವನ್ನು ತಳ್ಳಿದರೆ ಯಪೆರವ್ವಿ, ಊಲವ್ವಿ, ಯಲಧವ್ವಿ. ಎಲ್ಲದರ ಬಾಲವೂ 'ವ್ವಿ'! ಪದದ ಕೊನೆಯಲ್ಲಿ ಒತ್ತಕ್ಷರ, ಮೇಲೊಂದು ಗುಡಿಸು, ಅದೂ ಪದೇಪದೇ ಬಂದರೆ ಅದು 'ಲ್ಲಿ' ಅಲ್ಲದೆ ಇನ್ನೇನು? ಹಾಗೇ 'ಪ್ಪು' ಅಂತ ಮುಗಿಯುವ ಪದಗಳು ಸಾಲುಗಟ್ಟಿದರೆ ಅದು 'ನ್ನು' ಇರಬೇಕು. ನಮ್ಮ ವಿಭಕ್ತಿ ಪ್ರತ್ಯಯಗಳೇ ನಮ್ಮನ್ನು ಹಿಡಿದುಕೊಡುತ್ತವೆ. ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬಂತು ನೋಡಿ!

ಇದೆಲ್ಲ ಆಟದ ಹಾಗೆ ಕಾಣುತ್ತೆ. ಆದರೆ ಈ ಎಣಿಕೆಯಿಂದ ಒಬ್ಬ ರಾಣಿಯ ತಲೆ ಹೋಗಿದೆ.

ಸ್ಕಾಟ್ಲೆಂಡಿನ ರಾಣಿಯಾಗಿದ್ದ ಮೇರಿ 1568ರಲ್ಲಿ ಆಶ್ರಯ ಬೇಡಿ ಇಂಗ್ಲೆಂಡಿಗೆ ಬಂದಳು. ಸಿಕ್ಕಿದ್ದು ಸೆರೆವಾಸ. ಹದಿನೆಂಟು ವರ್ಷ ಆದಮೇಲೆ, 1586ರಲ್ಲಿ, ಅವಳ ಪತ್ರಗಳು ಬಿಯರ್ ಪೀಪಾಯಿಯಲ್ಲಿ ಅಡಗಿ ಗುಟ್ಟಾಗಿ ಓಡಾಡತೊಡಗಿದವು. ಆಂಥನಿ ಬ್ಯಾಬಿಂಗ್ಟನ್ ಎಂಬ ಯುವಕ ಬರೆದ: ಎಲಿಜಬೆತ್ ರಾಣಿಯನ್ನು ಕೊಂದು ನಿಮ್ಮನ್ನು ಬಿಡಿಸುತ್ತೇವೆ, ಆರು ಜನ ಸಿದ್ಧರಿದ್ದಾರೆ. ಎಲ್ಲವೂ ಸಂಕೇತ ಲಿಪಿಯಲ್ಲೇ. ಅಕ್ಷರಕ್ಕೊಂದು ಗುರುತು, ಕೆಲವು ಪದಗಳಿಗೆ ಬೇರೆ ಗುರುತು, ಗೊಂದಲ ಹುಟ್ಟಿಸೋಕೆ ಅರ್ಥವೇ ಇಲ್ಲದ ಕೆಲವು ಗುರುತು. ಮೇರಿ ಜುಲೈ 17ರಂದು ವಿವರವಾಗಿ ಉತ್ತರ ಬರೆಸಿದಳು.

ಅವಳಿಗೆ ಗೊತ್ತಿಲ್ಲದ ಸಂಗತಿ ಏನಂದರೆ, ಪತ್ರ ಸಾಗಿಸುತ್ತಿದ್ದ ಗಿಫರ್ಡ್ ಎಲಿಜಬೆತ್‌ಳ ಗೂಢಚಾರರ ಮುಖ್ಯಸ್ಥ ವಾಲ್ಸಿಂಗ್‌ಹ್ಯಾಮ್ ಕಡೆಯವನು. ಪ್ರತಿ ಪತ್ರವೂ ಮೊದಲು ಅವನ ಲಿಪಿ ಒಡೆಯುವವ ಥಾಮಸ್ ಫೆಲಿಪ್ಸ್ ಕೈಗೆ ಹೋಗುತ್ತಿತ್ತು. ಮೇರಿಯ ಉತ್ತರ ಬಿಡಿಸಿದ ಫೆಲಿಪ್ಸ್ ಅದರ ಮೇಲೊಂದು ನೇಣುಗಂಬದ ಚಿತ್ರ ಬರೆದ. ಸಾಲದೆಂಬಂತೆ, ಆ ಆರು ಜನ ಯಾರು ಅಂತ ಕೇಳುವ ನಾಲ್ಕು ಮಾತನ್ನು ಅದೇ ಲಿಪಿಯಲ್ಲಿ ತಾನೇ ಸೇರಿಸಿ ಕಳಿಸಿದ. 1587ರ ಫೆಬ್ರವರಿ 8ರಂದು ಮೇರಿಯ ಶಿರಚ್ಛೇದ ಆಯಿತು.

ಲಿಪಿ ಗಟ್ಟಿ ಇದೆ ಅನ್ನೋ ಧೈರ್ಯ ಇಲ್ಲದಿದ್ದರೆ ಅವಳು ಅಷ್ಟು ಬಿಡಿಸಿ ಬರೆಯುತ್ತಲೇ ಇರಲಿಲ್ಲವೇನೋ! ದುರ್ಬಲ ಬೀಗ ಬೀಗ ಇಲ್ಲದ ಬಾಗಿಲಿಗಿಂತ ಅಪಾಯ. ಬೀಗ ಇಲ್ಲದಿದ್ದರೆ ಮನುಷ್ಯ ಎಚ್ಚರವಾಗಿರ್ತಾನೆ.

ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ನಮ್ಮ ದೊಡ್ಡಮ್ಮ. ಮದುವೆಯಾಗಿ ಹೋದ ಮನೆಯಲ್ಲಿ ಅವರು ತವರಿಗೆ ಬರೆದ ಕಾರ್ಡನ್ನು ಮಾವನವರು ಓದಿಯೇ ಪೋಸ್ಟ್ ಮಾಡಿಸ್ತಿದ್ದರಂತೆ. ಅದಕ್ಕೆ ಹೊರಡುವಾಗಲೇ ನಮ್ಮಜ್ಜಿ ಒಂದು ಮಾತು ಹೇಳಿ ಕಳಿಸಿದ್ದರು: 'ಸುಖವಾಗಿದ್ರೆ ತುಳಸಿ ಗಿಡ ಚಿಗುರಿದೆ ಅಂತ ಬರಿ. ಕಷ್ಟ ಇದ್ರೆ ತುಳಸಿ ಸುದ್ದಿನೇ ಎತ್ತಬೇಡ.' ಎರಡನೇ ವರ್ಷದ ಒಂದು ಕಾರ್ಡಿನಲ್ಲಿ ಮಳೆ, ಬೆಳೆ, ಎಮ್ಮೆ ಕರು ಹಾಕಿದ್ದು ಎಲ್ಲ ಇತ್ತಂತೆ, ತುಳಸಿ ಇರಲಿಲ್ಲ. ಅಜ್ಜ ಮಾರನೇ ದಿನವೇ ಬಸ್ ಹತ್ತಿದರು. ಬಾಣಂತನದ ನೆಪ ಹೇಳಿ ಮಗಳನ್ನು ಕರ್ಕೊಂಡು ಬಂದರು. ಆಮೇಲಿನ ಕಥೆ ದೊಡ್ಡಮ್ಮನದು, ಅವರೇ ಹೇಳಬೇಕು.

ಅಲ್-ಕಿಂದಿಯೇ ಬಂದು ಆ ಕಾರ್ಡ್ ಹಿಡಿದು ಕೂತಿದ್ದರೂ ಏನು ಮಾಡೋಕಾಗ್ತಿತ್ತು? ಎಣಿಸೋಕೆ ಅಲ್ಲಿ ಏನಾದರೂ ಇದ್ದರೆ ತಾನೆ! ಹೇಳದೇ ಬಿಟ್ಟ ಒಂದು ಮಾತಿನಲ್ಲಿ ಗುಟ್ಟೆಲ್ಲ ಇತ್ತು. ಆದರೆ ಆ ಉಪಾಯಕ್ಕೂ ಒಂದು ಮಿತಿ ಇದೆ. ಮೊದಲೇ ಮಾತಾಡಿಕೊಂಡ ಒಂದು ಸುದ್ದಿಯನ್ನು ಬಿಟ್ಟರೆ ಅದರಲ್ಲಿ ಬೇರೇನೂ ಹೇಳೋಕಾಗಲ್ಲ. ಏನಾಯ್ತು, ಯಾರು ಏನಂದರು ಅನ್ನೋದಕ್ಕೆ ಅಜ್ಜ ಬರೋವರೆಗೆ ಕಾಯಲೇಬೇಕಿತ್ತು.

ಸರಿ, ಇವತ್ತಿಗೆ ಇಷ್ಟು ಸಾಕು. ಒಂದೊಂದು ಹೆಜ್ಜೆ ಹಿಂದಕ್ಕೆ ತಳ್ಳಿ ಓದಿಕೊಳ್ಳಿ:

ಯಥ್ಥೆ ಹಿಘೋತ!